ಹುಲಿಗೇಶನ ಬಲ, ಹುಲಿಗೇಶನ ದೌರ್ಬಲ್ಯ

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೆ ಚುನಾವಣೆ ಗೆಲ್ಲಿಸುವ ವಿದ್ಯೆ ಗೊತ್ತಿರುತ್ತದೆ ಎಂದು ಪೂಜಿತಾಳ ಬಳಗದಲ್ಲಿ ಯಾರು ಹಬ್ಬಿಸಿದ್ದರೋ ಏನೋ. ಹೊಸಪೇಟೆಯ ಮನೆಯಲ್ಲಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಓದುತ್ತ ಬರೆಯುತ್ತ ತನ್ನ ಪಾಡಿಗೆ ತಾನಿದ್ದವಳನ್ನು ಸಂಡೂರಿನ ಚಿಗವ್ವ ಒಂದೇ ಫೋನಿನಲ್ಲಿ ಎಬ್ಬಿಸಿ ಬಸ್ಸು ಹತ್ತಿಸಿಬಿಟ್ಟಳು.

"ನೀ ಓದಿದ್ದು ಅದನ್ನ ಅಲ್ಲೇನ? ಸುಮ್ನ ಬಾ. ಎಲೆಕ್ಷನ್ ಮುಗಿಯೋತನಕ ಇದ್ದು ಹೋಗುವಂತಿ."

ಕಾಲೇಜಿನಲ್ಲಿದ್ದಷ್ಟು ಕಾಲವೂ ಪೂಜಿತಾ ಒಂದು ಪ್ರಶ್ನೆಗೂ ಕೈ ಎತ್ತಿದವಳಲ್ಲ. ಸೆಮಿನಾರಿನ ದಿನ ಜ್ವರ ಬಂತೆಂದು ಹೇಳಿ ಮನೆಯಲ್ಲಿ ಮಲಗಿದವಳು. ಅದನ್ನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ಫೋನ್ ಇಟ್ಟಾಗಿತ್ತು.

ಚಿಗವ್ವ ಎಂದರೆ ಕೊಟ್ರಬಸಮ್ಮ, ಪೂಜಿತಾಳ ಅವ್ವನ ತಂಗಿ. ಗಣಿಯಿಂದ ರೈಲ್ವೆ ಸೈಡಿಂಗಿಗೆ ಅದಿರು ಹೊಡೆಯುವ ಎರಡು ಹಳೆಯ ಟೆನ್ ವೀಲರ್ ಲಾರಿಗಳ ಒಡತಿ. ಮೊದಲು ಆ ಲಾರಿಗಳನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡ ಶಂಭುಲಿಂಗ. ಬೆನ್ನುಹುರಿಯ ನೋವು ಕಚ್ಚಿಕೊಂಡ ಮೇಲೆ ಅವನು ಪಡಸಾಲೆಯ ಮಂಚ ಹಿಡಿದ. ಲಾರಿಗಳು, ಡ್ರೈವರು, ಟೈರು, ಡೀಸೆಲ್ಲು ಎಲ್ಲ ಚಿಗವ್ವನ ಸೆರಗಿಗೆ ಬಂದವು. ಅವಳು ಅವನ್ನೆಲ್ಲ ರೊಟ್ಟಿ ಬಡಿದಷ್ಟೇ ಸಲೀಸಾಗಿ ನಡೆಸಿಕೊಂಡು ಹೋಗುತ್ತಿದ್ದಳು. ಈಗ ಲಾರಿ ಮಾಲೀಕರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಳು.

ನಿಂತದ್ದು ಅಧ್ಯಕ್ಷಗಿರಿಯ ಆಸೆಗಲ್ಲ, ಪಾಳಿಗಾಗಿ. ಸಂಘದ ಅಂಗಳದಲ್ಲಿ ಗೋಡೆಗೆ ಒಂದು ಕರಿ ಹಲಗೆ ಇದೆ. ಲೋಡು ಇಳಿಸಿ ಖಾಲಿಯಾಗಿ ಬಂದು ನಿಂತ ಲಾರಿಗಳ ನಂಬರನ್ನು ಬಂದ ವರಸೆಯಲ್ಲೇ ಬೆಳಿಗ್ಗೆ ಅದರ ಮೇಲೆ ಬರೆಯುತ್ತಾರೆ. ಮೊದಲು ಬಂದದ್ದಕ್ಕೆ ಮೊದಲ ಲೋಡು, ಲಾರಿ ದೊಡ್ಡದಾಗಲಿ ಸಣ್ಣದಾಗಲಿ. ಸುಣ್ಣದ ಕಡ್ಡಿ ಇರುವುದು ಅಧ್ಯಕ್ಷರ ಕೈಯಲ್ಲಿ. ಹಳೆಯ ಅಧ್ಯಕ್ಷ ಜಡೆಪ್ಪ ಹಟಮಾರಿ ಮುದುಕ. ಯಾರ ಮುಲಾಜಿಗೂ ಒಂದು ನಂಬರನ್ನು ಮೇಲೆ ಕೆಳಗೆ ಮಾಡಿದವನಲ್ಲ. ಅವನಿಗೆ ಈಗ ಕಣ್ಣು ಮಂಜು, ಇಳಿಯುತ್ತಿದ್ದಾನೆ. ಇನ್ನೊಬ್ಬರ ಕೈಗೆ ಕಡ್ಡಿ ಹೋಗಿ, ಅವರು ದೊಡ್ಡ ಲಾರಿಗಳನ್ನೇ ಮೇಲೆ ಬರೆಯತೊಡಗಿದರೆ ಚಿಗವ್ವನ ಎರಡೂ ಲಾರಿಗಳು ಬೇವಿನ ಮರದ ಕೆಳಗೆ ನಿಂತು ಕಾಗೆಗಳಿಗೆ ಗೂಡಾಗುತ್ತವೆ.

ಹೋದ ಸಲ ನಿಂತವರೆಲ್ಲ ಢಾಬಾದಲ್ಲಿ ಊಟ ಹಾಕಿಸಿದ್ದರು. ಯಾರು ಏನು ಮಾಡುತ್ತಾರೆಂದು ಒಬ್ಬ ಸದಸ್ಯನೂ ಕೇಳಿರಲಿಲ್ಲ. ಈ ಸಲ ಜಡೆಪ್ಪ ಕಟ್ಟಪ್ಪಣೆ ಮಾಡಿದ್ದ: ಊಟಗೀಟ ಇಲ್ಲ, ಭಾನುವಾರ ಮೂವರು ಅಭ್ಯರ್ಥಿಗಳೂ ಒಂದೇ ವೇದಿಕೆಯ ಮೇಲೆ ಕೂರಬೇಕು, ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕು, ಅಲ್ಲೇ ಕೈ ಎತ್ತಿಸಿ ಆರಿಸುವುದು.

ಶಂಭುಲಿಂಗ ಕಾಕಾನಿಗೆ ಇದರಿಂದ ಹೊಸ ಜೀವ ಬಂದಿತ್ತು. ಮಂಚದ ಮೇಲೆ ಅಂಗಾತ ಮಲಗಿ, ಮೊಬೈಲನ್ನು ಮೂಗಿನ ಮೇಲೆ ಹಿಡಿದುಕೊಂಡು ಅಮೆರಿಕದ ಅಧ್ಯಕ್ಷರ ಚರ್ಚೆಗಳ ಬಗ್ಗೆ ಇದ್ದಬದ್ದ ವಿಡಿಯೊ ಎಲ್ಲ ನೋಡಿ ಮುಗಿಸಿದ್ದ.

"ಅಲ್ಲಿ ಹೆಂಗ ಮಾಡ್ತಾರ ಗೊತ್ತೇನು ಪೂಜಿತಾ? ಮೊದಲ ಎದುರಿನವರ ಬಲ ಎಷ್ಟು, ದೌರ್ಬಲ್ಯ ಎಷ್ಟು, ತೂಕ ಹಾಕ್ತಾರ. ಆಮ್ಯಾಲೆ ಮನ್ಯಾಗ ಒಬ್ಬರನ್ನ ಎದುರಾಳಿ ಮಾಡಿ ನಿಲ್ಲಿಸಿ ತಾಲೀಮು ಮಾಡ್ತಾರ."

"ಗೊತ್ತು ಕಾಕಾ."

"ಗೊತ್ತಿದ್ರ ಶುರು ಮಾಡಬೇಕವ್ವ. ಬಂದಾಗಿಂದ ಮಂಡಕ್ಕಿ ತಿನ್ನಾಕತ್ತಿ."

ಪೂಜಿತಾ ಮಂಡಕ್ಕಿಯ ತಟ್ಟೆ ಸರಿಸಿ ಒಂದು ಹಾಳೆ ತೆಗೆದುಕೊಂಡು ಪಡಸಾಲೆಯಲ್ಲಿ ಕೂತಳು. ಚಿಗವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹಿರಿಯ ಡ್ರೈವರು ಎರ್ರಿಯಪ್ಪ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಚಹಾಕ್ಕಾಗಿ ಕಾಯುತ್ತಿದ್ದ. ಮೊದಲು ಓಬಳಪ್ಪನ ಸರದಿ. ಊರಲ್ಲಿ ಯಾರ ಬಳಿಯೂ ಇಲ್ಲದಷ್ಟು ಹದಿನಾರು ಗಾಲಿಯ ಲಾರಿಗಳನ್ನು ಇಟ್ಟವನು. ದೊಡ್ಡ ಲಾರಿ ಮೊದಲು ಎಂದು ಬಹಿರಂಗವಾಗಿಯೇ ಸಾರುತ್ತಿದ್ದವನು.

"ಓಬಳಪ್ಪಾರ ಬಲ ಏನು?" ಎಂದಳು ಪೂಜಿತಾ.

"ಲಾರಿ," ಎಂದ ಎರ್ರಿಯಪ್ಪ.

"ದೌರ್ಬಲ್ಯ?"

"ಬಾಯಿ."

ಪೂಜಿತಾ ಬರೆದುಕೊಂಡಳು. ಚಿಗವ್ವ ಮೊರದಿಂದ ತಲೆ ಎತ್ತದೆಯೇ ಹೇಳಿದಳು: "ಅದು ಹೆಂಗ ದೌರ್ಬಲ್ಯ ಆಗ್ತೈತಿ? ಬಾಯಿ ಕೆಟ್ಟದಿರಬೌದು, ಆದ್ರ ಮನಸಿನಾಗ ಇದ್ದದ್ದ ಬಾಯಾಗ ಬರ್ತೈತಿ. ಒಳಗೊಂದು ಹೊರಗೊಂದು ಇಲ್ಲ ಮನಷ್ಯಾಗ. ಬಲಕ್ಕ ಬರಿ."

"ಚಿಗವ್ವ, ಅವರು ನಿನ್ನ ಎದುರಾಳಿ."

"ಎದುರಾಳಿ ಆದ್ರ ಸುಳ್ಳು ಬರೀಬೇಕೇನು?"

ಪೂಜಿತಾ ಹೊಡೆದುಹಾಕಿ ಬಲದ ಕಡೆ ಬರೆದಳು. "ಹೋಗ್ಲಿ, ಹೋದ ತಿಂಗಳು ಚೋರನೂರು ರೋಡಿನಾಗ ಡ್ರೈವರ್‌ಗೆ ಹೊಡಿಯಾಕ ಹೋಗಿದ್ರಂತಲ್ಲ? ಅದನ್ನ ಹೇಳಬೌದು."

ಎರ್ರಿಯಪ್ಪ ಕೆಮ್ಮಿದ. "ಅದು ಬ್ಯಾಡವ್ವ."

"ಯಾಕ?"

"ಆ ಡ್ರೈವರ್ ನಮ್ಮ ಸಡ್ಡಕನ ಮಗ. ಕುಡಿದು ಲಾರಿ ಗಟಾರಕ್ಕ ಇಳಿಸಿದ್ದ. ಹೊಡೀಬೇಕಾಗಿತ್ತು. ಓಬಳಪ್ಪಾರು ಹೊಡೀಲಿಲ್ಲ, ಅದು ದೊಡ್ಡದು."

"ಅದನ್ನೂ ಬಲಕ್ಕ ಬರಿ," ಎಂದಳು ಚಿಗವ್ವ.

ಪೂಜಿತಾಳಿಗೆ ಹಾಳೆಯನ್ನು ಮುದ್ದೆ ಮಾಡಿ ಮೊರದೊಳಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅವಳಿಗೆ ಏನೇ ಅನಿಸಿದರೂ ಅದು ಒಳಗೇ ಒಂದು ಸುತ್ತು ತಿರುಗಿ ಅಲ್ಲೇ ಕೂತುಬಿಡುತ್ತಿತ್ತು.

ಎರಡನೆಯವನು ಹುಲಿಗೇಶ. ಇನ್ನೂ ಪ್ರಾಯದವನು, ಮಲಪನಗುಡಿಯ ಕಡೆಯಿಂದ ಬಂದು ಸಂಡೂರಿನಲ್ಲಿ ನೆಲೆ ನಿಂತವನು. ಒಂದೆರಡು ಲಾರಿ ಮಾತ್ರ ಇದ್ದರೂ ಸಂಘದ ಅರ್ಧ ಜನ ಅವನನ್ನು ಮನೆಯ ಹುಡುಗ ಎನ್ನುತ್ತಿದ್ದರು. ಯಾರ ಮನೆಯ ಮದುವೆಯಾದರೂ ಅಡುಗೆ ಪಾತ್ರೆ ತರುವವನು ಅವನೇ. ಯಾರ ಲಾರಿ ಕೆಟ್ಟರೂ ಮೊದಲು ಬಂದು ನಿಲ್ಲುವವನೂ ಅವನೇ. ಚಿಗವ್ವನ ಲಾರಿಯ ಆಕ್ಸೆಲ್ ಘಾಟಿನಲ್ಲಿ ಮುರಿದಾಗ, ಮೆಕ್ಯಾನಿಕ್ ಬರುವವರೆಗೂ ಊಟ ಬಿಟ್ಟು ಅವಳ ಜೊತೆ ಕೂತಿದ್ದ. ಮೇಲಾಗಿ ಅವನ ಹೆಂಡತಿ ಅನ್ನಪೂರ್ಣ ಕಂಪ್ಲಿಯವಳು, ಚಿಗವ್ವನ ತವರಿನ ಓಣಿಯವಳೇ.

"ಆ ಹುಡುಗಿ ಬಸುರಿದ್ದಾಗ ಉಡಿ ತುಂಬಿದಾಕಿ ನಾನು," ಎಂದಳು ಚಿಗವ್ವ. "ಹುಲಿಗೇಶನ ದೌರ್ಬಲ್ಯ ನನ್ನ ಬಾಯಿಂದ ಹೇಳಿಸಬ್ಯಾಡ್ರಿ."

"ನೀ ಹೇಳಬ್ಯಾಡ. ನಾ ಕೇಳ್ತೀನಿ, ಎರ್ರಿಯಪ್ಪ ಹೇಳ್ಲಿ," ಎಂದಳು ಪೂಜಿತಾ, ದನಿಯನ್ನು ಆದಷ್ಟು ಮೆತ್ತಗೆ ಇಟ್ಟುಕೊಂಡು. "ಪಾಳಿ ಬಗ್ಗೆ ಅವರು ಏನಂತಾರ?"

ಎರ್ರಿಯಪ್ಪ ಸುತ್ತ ನೋಡಿ ಹೇಳಿದ. ಪಾಳಿ ಉಳಿಸು ಎಂದ ಸಣ್ಣ ಲಾರಿಯವರಿಗೆ ಹುಲಿಗೇಶ, ಆತು, ಪಾಳಿ ಎಲ್ಲಿಗೆ ಹೋಗ್ತೈತಿ, ನಾ ಇಲ್ಲೇನು ಎಂದಿದ್ದಾನೆ. ಓಬಳಪ್ಪ ಒಂದು ದಿನ ತೋರಣಗಲ್ಲಿನಲ್ಲಿ ಚಹಾ ಕುಡಿಸಿ, ನಾ ಗೆಲ್ಲದಿದ್ರ ನೀ ಗೆಲ್ತಿ, ಆವಾಗ ನಮ್ಮ ದೊಡ್ಡ ಲಾರಿ ಮೊದಲು ಬರೀತೀಯಲ್ಲ ಎಂದು ಕೇಳಿದ್ದಕ್ಕೆ ಅಲ್ಲೂ 'ಆತು' ಎಂದಿದ್ದಾನೆ. ಎರಡನ್ನೂ ಕಿವಿಯಾರೆ ಕೇಳಿದವರಿದ್ದಾರೆ.

ಪೂಜಿತಾಳ ಮೈ ನೆಟ್ಟಗಾಯಿತು. ಇಡೀ ಮಧ್ಯಾಹ್ನದಲ್ಲಿ ಸಿಕ್ಕಿದ ಒಂದೇ ಒಂದು ಗಟ್ಟಿ ಕಾಳು. ಬಲದ ಕೆಳಗೆ ಬರೆದಳು: ಯಾರಿಗೂ ಇಲ್ಲ ಅನ್ನುವುದಿಲ್ಲ. ದೌರ್ಬಲ್ಯದ ಕೆಳಗೆ ಬರೆದಳು: ಯಾರಿಗೂ ಇಲ್ಲ ಅನ್ನುವುದಿಲ್ಲ.

"ಚಿಗವ್ವ, ನೀ ಒಂದ ಒಂದು ಪ್ರಶ್ನೆ ಕೇಳಿದ್ರ ಸಾಕು. 'ಸಣ್ಣವರಿಗೆ ಆತು ಅಂದಿ, ದೊಡ್ಡವರಿಗೂ ಆತು ಅಂದಿ, ಯಾವ ಆತು ಖರೆ?' ಅಷ್ಟ."

ಹೊರಗೆ ಬೈಕು ನಿಂತ ಸದ್ದಾಯಿತು. ಒಂದು ಗೊನೆ ಬಾಳೆಹಣ್ಣು ಹೆಗಲಿಗಿಟ್ಟುಕೊಂಡು ಒಳಗೆ ಬಂದವನು ಹುಲಿಗೇಶನೇ.

"ಅನ್ನಪೂರ್ಣನ ಅಪ್ಪಾರು ಕಂಪ್ಲಿಯಿಂದ ಕಳಿಸ್ಯಾರಕ್ಕ. ನಿನಗೊಂದು ಗೊನಿ ಕೊಡಂತ." ಗೊನೆ ಇಳಿಸಿ, ಕಾಕಾನ ಕಾಲ ಬಳಿ ಮಂಚದ ಮೇಲೆ ಕೂತ. ಪೂಜಿತಾ ಹಾಳೆಯನ್ನು ಮಡಿಲಲ್ಲಿ ಮುಚ್ಚಿಕೊಳ್ಳುವ ಮೊದಲೇ ಅವನ ಕಣ್ಣು ಅದರ ಮೇಲೆ ಬಿದ್ದಾಗಿತ್ತು. "ಏನ್ ತಂಗಿ, ನನ್ನ ಹೆಸರೂ ಐತಲ್ಲ."

ಪೂಜಿತಾಳ ಕಿವಿ ಕಾದವು. ಕಾಕಾ ಮಾತ್ರ ಸ್ವಲ್ಪವೂ ಅಳುಕದೆ, "ನಿನ್ನ ಬಲ, ದೌರ್ಬಲ್ಯ ತೂಕ ಹಾಕಾಕತ್ತೀವಪ್ಪ. ಅಮೆರಿಕದಾಗ ಹಿಂಗ ಮಾಡೋದು," ಎಂದ.

"ಹೌದೇನು? ಹಂಗಾದ್ರ ಬರ್ಕೊ ತಂಗಿ. ನನಗ ಲೆಕ್ಕ ಬರಲ್ಲ, ಅದು ದೌರ್ಬಲ್ಯ. ಆಮ್ಯಾಲೆ ಮುಂಜಾನೆ ಜಲ್ದಿ ಏಳಾಕ ಆಗಲ್ಲ. ಅದನ್ನೂ ಬರಿ."

"ಮುಂಜಾನೆ ಏಳಲ್ಲಂದ್ರ ಹಲಗಿ ಯಾವಾಗ ಬರೀತೀಯೋ?" ಎಂದಳು ಚಿಗವ್ವ, ಅವನ ಮುಂದೆ ಚಹಾ ಇಡುತ್ತ.

"ಅದ ಅಲ್ಲೇನಕ್ಕ ಚಿಂತಿ. ನೀ ಗೆದ್ರ ಭಾಳ ಚೊಲೊ ನೋಡು."

"ಗೆಲ್ತೀನಂತೀಯಾ?"

"ಗೆಲ್ತಿ ತಗಿ. ನೀ ಗೆಲ್ಲದ ಮತ್ಯಾರು ಗೆಲ್ತಾರ?"

ತನ್ನ ಸೋಲಿಗೂ 'ಆತು' ಎಂದು ತಲೆಯಾಡಿಸಿ, ಚಹಾ ಕುಡಿದು, ಎರ್ರಿಯಪ್ಪನ ಬೆನ್ನು ತಟ್ಟಿ ಹೋದ. ಹೋದ ಮೇಲೆ ಚಿಗವ್ವ ಬಾಳೆಹಣ್ಣಿನ ಗೊನೆಯನ್ನು ತಿರುವಿ ತಿರುವಿ ನೋಡಿ, "ಇಂಥಾವನಿಗೆ ಹೆಂಗ ಕೇಳಲೇ ಪೂಜಿತಾ, ಆ ಪ್ರಶ್ನೆ?" ಎಂದಳು.

ಪೂಜಿತಾ ಎದ್ದು ಹಿತ್ತಲಿಗೆ ಹೋಗಿ, ತೊಟ್ಟಿಯ ನೀರಲ್ಲಿ ಮುಖ ತೊಳೆದು ಬಂದಳು.

ಮಾರನೆಯ ದಿನದಿಂದ ತಾಲೀಮು. ಓಬಳಪ್ಪನ ಪಾತ್ರ ಮಂಚದ ಮೇಲಿನ ಕಾಕಾನಿಗೆ. ಅವನು ಮಲಗಿದಲ್ಲಿಂದಲೇ ಹೆಂಡತಿಯನ್ನು ಬಾಯಿ ತುಂಬ ಬೈಯುವ ಅವಕಾಶ ಸಿಕ್ಕಿತೆಂದು ಎಷ್ಟು ಉತ್ಸಾಹ ತೋರಿಸಿದನೆಂದರೆ, ಎರಡನೆಯ ಬೈಗುಳಕ್ಕೆ ಚಿಗವ್ವ ಲಟ್ಟಣಿಗೆ ಎತ್ತಿದಳು. ಹುಲಿಗೇಶನಾಗಲು ಬೇರೆ ಯಾರೂ ಇರಲಿಲ್ಲ. ಎರ್ರಿಯಪ್ಪ ಲಾರಿಯ ಮೇಲೆ ಹೋಗಿದ್ದ. ಹಾಗಾಗಿ, ನಾಲ್ಕು ಜನರ ಮುಂದೆ ಸ್ವಂತ ಹೆಸರು ಹೇಳಲು ಗಂಟಲು ಕಟ್ಟುವ ಪೂಜಿತಾ ಪಡಸಾಲೆಯ ನಡುವೆ ನಿಂತು ಹುಲಿಗೇಶನಾಗಬೇಕಾಯಿತು.

"ಅಕ್ಕಾ," ಎಂದಳು ಪೂಜಿತಾ, ಹುಲಿಗೇಶನ ಹಾಗೆ ತಲೆಯನ್ನು ಒಂದು ಕಡೆ ವಾಲಿಸಿ. "ನಾವೆಲ್ಲ ಒಂದ ಮನಿಯೋರು. ಪಾಳಿ ವಿಚಾರ ಕುಂತು ಮಾತಾಡೋಣು."

"ಆತಪ್ಪ, ಕುಂತು ಮಾತಾಡೋಣು," ಎಂದಳು ಚಿಗವ್ವ.

"ಚಿಗವ್ವ."

"ಏನು?"

"ಹಂಗ ಒಪ್ಪಿಬಿಟ್ರ ಹೆಂಗ? ಪ್ರಶ್ನೆ ಕೇಳ್ಬೇಕು ನೀನು."

"ನೀ ಭಾಳ ಛಂದ ಮಾಡ್ತಿ. ಥೇಟ್ ಅವನ ಬಂದಂಗಾತು. ಅದಕ್ಕ ಮರ್ತೆ."

ಮತ್ತೆ ಮೊದಲಿನಿಂದ. ಪೂಜಿತಾ 'ಅಕ್ಕಾ' ಎಂದ ತಕ್ಷಣ ಚಿಗವ್ವನ ಮುಖ ಸಡಿಲವಾಗುತ್ತಿತ್ತು. ಚಹಾ ಕುಡಿತೀಯೇನು ಎಂದು ಕೇಳುವುದೊಂದೇ ಬಾಕಿ. ಒಮ್ಮೆ ಅದನ್ನೂ ಕೇಳಿದಳು. ಮಂಚದ ಮೇಲಿನಿಂದ ಕಾಕಾ, "ನೀರಿನ ಬಾಟಲಿ ಎಡಕ್ಕ ಇಟ್ಕೋಬೇಕು, ಕ್ಯಾಮರಾ ನೋಡ್ಬೇಕು," ಎನ್ನುತ್ತಿದ್ದ. ಸಂಘದ ಸಭಾಂಗಣದಲ್ಲಿ ಕ್ಯಾಮರಾ ಇರುವುದಿಲ್ಲವೆಂದು ಪೂಜಿತಾ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಶುಕ್ರವಾರ ಸಂಜೆ ಪೂಜಿತಾ ಚಿಗವ್ವನ ಬಲ ದೌರ್ಬಲ್ಯವನ್ನೂ ಓದಿ ಹೇಳಿದಳು. ಎದುರಿನವರು ಅದನ್ನೇ ಹಿಡಿಯುತ್ತಾರಲ್ಲ, ತಯಾರಿರಬೇಕಲ್ಲ ಎಂದು. ಬಲ: ಸಂಘದ ಪ್ರತಿಯೊಬ್ಬರ ಮನೆಯ ಕಷ್ಟ ಗೊತ್ತು, ಹೆದರುವುದಿಲ್ಲ, ಲಾರಿಯ ಕೆಲಸ ಪೂರ್ತಿ ತಿಳಿದಿದೆ. ದೌರ್ಬಲ್ಯ: ಬೇಗ ಸಿಟ್ಟು, ಅದಕ್ಕಿಂತ ಬೇಗ ಕರುಣೆ, ಯೋಚಿಸುವ ಮೊದಲೇ ಮಾತು.

ರಾತ್ರಿ ಊಟಕ್ಕೆ ಎಲ್ಲರ ತಟ್ಟೆಯಲ್ಲೂ ರೊಟ್ಟಿಗೆ ಬೆಣ್ಣೆ ಬಿತ್ತು. ಪೂಜಿತಾಳ ತಟ್ಟೆಗೆ ಬರೀ ರೊಟ್ಟಿ.

"ಬೆಣ್ಣಿ ತೀರಿತೇನ ಚಿಗವ್ವ?"

"ಯೋಚನೆ ಮಾಡಿ ಹಾಕ್ತೀನಿ ತಡಿ."

ಕಾಕಾ ನಕ್ಕು ಬೆನ್ನು ಹಿಡಿದುಕೊಂಡ. ಪೂಜಿತಾ ಬರೀ ರೊಟ್ಟಿಯನ್ನೇ ಚಟ್ನಿಗೆ ಅದ್ದಿ ತಿಂದಳು. ಇಷ್ಟಾದರೂ ಶನಿವಾರದ ತಾಲೀಮಿನಲ್ಲಿ ಅದೇನು ದೇವರು ಬುದ್ಧಿ ಕೊಟ್ಟನೋ, ಚಿಗವ್ವ 'ಅಕ್ಕಾ' ಎಂಬುದಕ್ಕೆ ಕರಗದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ರಶ್ನೆಯನ್ನು ಕಲ್ಲು ಒಗೆದಂತೆ ಒಗೆದಳು. "ಸಣ್ಣವರಿಗೂ ಆತು, ದೊಡ್ಡವರಿಗೂ ಆತು. ಯಾವ ಆತು ಖರೆ? ಇಲ್ಲೇ ಹೇಳು." ಪೂಜಿತಾ ಬೇಕೆಂದೇ ಬೇರೆ ಬೇರೆ ಥರ ನುಣುಚಿಕೊಳ್ಳಲು ನೋಡಿದಳು. ಚಿಗವ್ವ ಬಿಡಲಿಲ್ಲ. ಬೇಡವೆಂದರೂ ಬರುವ ಒಂದು ಸಣ್ಣ ಹೆಮ್ಮೆಯಲ್ಲಿ ಪೂಜಿತಾ, ನಾಳೆ ಪಾಳಿ ಉಳಿಯಬಹುದು ಎಂದುಕೊಂಡಳು.

ಭಾನುವಾರ ಸಂಘದ ಸಭಾಂಗಣ ತುಂಬಿತ್ತು. ಹೊರಗಡೆ ಕಿಟಕಿಗಳಿಗೂ ಜನ ಜೋತುಬಿದ್ದಿದ್ದರು. ಫ್ಯಾನುಗಳು ಅದಿರಿನ ಕೆಂಪು ದೂಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಂಚುತ್ತಿದ್ದವು. ವೇದಿಕೆಯ ಮೇಲೆ ಮೂರು ಕುರ್ಚಿ, ನಡುವೆ ಒಂದು ಮೈಕು. ಜಡೆಪ್ಪ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಆಟೊದಲ್ಲಿ ಬಂದ ಕಾಕಾ ಮುಂದಿನ ಸಾಲಿನಲ್ಲಿದ್ದ. ಪೂಜಿತಾ ಎಲ್ಲರ ಹಿಂದೆ, ನೀರಿನ ಕ್ಯಾನಿನ ಮರೆಯಲ್ಲಿ ಜಾಗ ಹಿಡಿದಳು.

ಓಬಳಪ್ಪ ಮೊದಲೇ ಬಂದು ಕುರ್ಚಿ ತುಂಬಿಕೊಂಡು ಕೂತಿದ್ದ. ಚಿಗವ್ವ ಬಂದಳು, ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಬಂದವಳೇ ಮೈಕಿನ ಮುಂದೆ ನಿಂತು, ಇದು ಸುರು ಐತೇನ ಎಂದು ಅದನ್ನು ತಟ್ಟಿ ನೋಡಿದಳು. ಸುರುವಿತ್ತು. ಅಷ್ಟರಲ್ಲಿ ಹುಲಿಗೇಶ ಬಿಳಿ ಅಂಗಿ ತೊಟ್ಟು ಮೆಟ್ಟಿಲು ಹತ್ತಿ ಬಂದ. ಜಡೆಪ್ಪನಿಗೆ ಕೈ ಮುಗಿದ, ಓಬಳಪ್ಪನ ಕೈ ಕುಲುಕಿದ. ಆಮೇಲೆ ಚಿಗವ್ವನ ಹತ್ತಿರ ಬಂದು, ಇಡೀ ಸಭೆಯ ಎದುರಿಗೆ ಬಗ್ಗಿ ಎರಡೂ ಕೈಯಿಂದ ಅವಳ ಕಾಲು ಮುಟ್ಟಿದ.

ಕಾಲು ಮುಟ್ಟಿದವರ ತಲೆಯ ಮೇಲೆ ಕೈ ಇಡದೆ ಇರಲು ಚಿಗವ್ವನಿಗೆ ಬರುವುದಿಲ್ಲ. ಪರೀಕ್ಷೆಗೆ ಹೊರಟ ಮಕ್ಕಳಿಗೆ, ಹೊಸ ಲಾರಿಗೆ ಪೂಜೆ ಮಾಡಿಸಿ ಬಂದವರಿಗೆ, ಊರ ಕುಸ್ತಿಗೆ ಹೊರಟವರಿಗೆ, ಯಾರೇ ಬಗ್ಗಲಿ, ಅವಳ ಕೈ ಮೇಲೇಳುತ್ತದೆ. ಬಾಯಿ ತನ್ನಷ್ಟಕ್ಕೆ ಮುಂದಿನ ಕೆಲಸ ಮುಗಿಸುತ್ತದೆ.

"ಗೆದ್ದು ಬಾರಪ್ಪ," ಎಂದಳು ಚಿಗವ್ವ. ಮೈಕು ಅದನ್ನು ಕಿಟಕಿಯಾಚೆ ನಿಂತವರಿಗೂ ಮುಟ್ಟಿಸಿತು.

ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನವನೊಬ್ಬ ಸೀಟಿ ಹೊಡೆದ. "ಆತಲ್ಲ, ಕೊಟ್ರಬಸಮ್ಮಾರ ಓಟೂ ಅವನಿಗೆ ಬಿತ್ತು," ಎಂದ ಇನ್ನೊಬ್ಬ. ಕಾಕಾ ಬೆಲ್ಟಿನ ಮೇಲಿನ ಕೈ ತೆಗೆದು ಹಣೆಯ ಮೇಲೆ ಇಟ್ಟುಕೊಂಡ. ಪೂಜಿತಾ ಕ್ಯಾನಿನ ಹಿಂದೆ ಇನ್ನಷ್ಟು ಕುಗ್ಗಿದಳು. ಅಷ್ಟು ದಿನ ತೂಕ ಹಾಕಿದ್ದು, ತಲೆ ವಾಲಿಸಿ ವಾಲಿಸಿ ಕುತ್ತಿಗೆ ನೋಯಿಸಿಕೊಂಡದ್ದು, ಬೆಣ್ಣೆ ಇಲ್ಲದ ರೊಟ್ಟಿ ತಿಂದದ್ದು, ಎಲ್ಲ ಎರಡು ಶಬ್ದದಲ್ಲಿ ಮಣ್ಣು ಮುಕ್ಕಿತ್ತು. ಹುಲಿಗೇಶ ಇದನ್ನು ಲೆಕ್ಕ ಹಾಕಿಯೇ ಮಾಡಿದನೋ, ರೂಢಿಯಂತೆ ಮಾಡಿದನೋ, ಅವನ ನಗುಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅದು ಗೊತ್ತಾಗದೆ ಇರುವುದೇ ಅವಳನ್ನು ಇನ್ನಷ್ಟು ರೇಗಿಸಿತು.

ಜಡೆಪ್ಪ ಸ್ಟೂಲು ಕುಟ್ಟಿ ಗದ್ದಲ ನಿಲ್ಲಿಸಿದ. ಪಾಳಿಯ ಬಗ್ಗೆ ಮೂವರೂ ಹೇಳಬೇಕು ಎಂದ.

ಓಬಳಪ್ಪ ಮೈಕಿಗೆ ಬಾಯಿ ಹಚ್ಚಿ ಹೇಳಿದ: "ಇದರಾಗ ಮುಚ್ಚಿಡೋದೇನಿಲ್ಲ. ಕಂಪನಿಯೋರು ನಿಮ್ಮ ಹಳೇ ಡಬ್ಬಾ ಲಾರಿಗೆ ಕಾಯಂಗಿಲ್ಲ. ದೊಡ್ಡ ಲಾರಿ ಮೊದಲು ಹೋಗ್ಬೇಕು. ನಾ ಬಂದ್ರ ಹಂಗ ಬರೀತೀನಿ."

ಅರ್ಧ ಸಭೆ ಗೊಣಗಿತು. ಹುಲಿಗೇಶ ತಲೆ ಒಂದು ಕಡೆ ವಾಲಿಸಿ, "ಅಣ್ಣಾರ, ಅಕ್ಕಾರ, ನಾವೆಲ್ಲ ಒಂದ ಮನಿಯೋರು. ದೊಡ್ಡವರಿಗೂ ಅನ್ಯಾಯ ಆಗಬಾರದು, ಸಣ್ಣವರಿಗೂ ಆಗಬಾರದು. ಕುಂತು ಮಾತಾಡೋಣು," ಎಂದ. ಅರ್ಧಕ್ಕಿಂತ ಹೆಚ್ಚು ಸಭೆ ಚಪ್ಪಾಳೆ ತಟ್ಟಿತು.

"ಕೊಟ್ರಬಸಮ್ಮಾರ," ಎಂದ ಜಡೆಪ್ಪ. "ಹುಲಿಗೇಶಗ ನಿಮ್ಮ ಪ್ರಶ್ನೆ."

ಚಿಗವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪೂಜಿತಾ ಕ್ಯಾನಿನ ಮರೆಯಿಂದ ಕತ್ತು ಚಾಚಿದಳು. ಕೇಳು ಚಿಗವ್ವ, ಈಗಲಾದರೂ ಕೇಳು. ಚಿಗವ್ವ ಹುಲಿಗೇಶನ ಮುಖ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಸಿಕ್ಕಿಸಿದ ಸೆರಗನ್ನು ಮತ್ತೆ ಬಿಚ್ಚಿ ಹೆಗಲ ಮೇಲೆ ಹೊದ್ದುಕೊಂಡಳು.

"ನಾ ಏನೂ ಕೇಳಂಗಿಲ್ರಿ," ಎಂದಳು. "ಇವನಿಗೆ ಗೆದ್ದು ಬಾ ಅಂದೀನಿ. ನೀವೆಲ್ಲ ಕೇಳೀರಿ. ಈಗ ಅವನ್ನ ಸೋಲಿಸಾಕ ನಿಂತ್ರ, ನಾಳೆ ನಾ ಯಾರ ತಲಿ ಮ್ಯಾಲೆ ಕೈ ಇಟ್ರೂ ಅದಕ್ಕ ಬೆಲಿ ಇರಂಗಿಲ್ಲ. ನಾ ಹಿಂದಕ್ಕ ಸರೀತೀನಿ. ನನಗ ಕೈ ಎತ್ಬೇಕು ಅಂತ ಬಂದೋರು ಇವನಿಗೇ ಎತ್ರಿ."

ಪೂಜಿತಾ ಕಣ್ಣು ಮುಚ್ಚಿಕೊಂಡಳು. ಪಾಳಿ ಹೋಯಿತು. ಬೇವಿನ ಮರ, ಕಾಗೆ ಗೂಡು, ಎಲ್ಲ ಕಣ್ಣಿಗೆ ಕಟ್ಟಿತು. ಎದ್ದು ಹೊರಗೆ ಹೋಗಿ ಹೊಸಪೇಟೆಯ ಬಸ್ಸು ಹಿಡಿದುಬಿಡೋಣ ಎಂದು ಒಂದು ಕಾಲು ಮುಂದಿಟ್ಟಳು.

ಮೈಕಿನಲ್ಲಿ ಚಿಗವ್ವನ ದನಿ ಇನ್ನೂ ನಿಂತಿರಲಿಲ್ಲ. "ಆದ್ರ ಹುಲಿಗೇಶ, ಮುಂಜಾನೆ ಜಲ್ದಿ ಏಳಾಕ ಆಗಲ್ಲ ಅಂತ ನೀನ ನಮ್ಮನ್ಯಾಗ ಕುಂತು ಹೇಳೀದಿ. ಹಲಗಿ ಬರಿಯೋದು ನಿನಗ್ಯಾಕ ತ್ರಾಸು? ಕಡ್ಡಿ ನನಗ ಕೊಡು. ನೀ ಅಧ್ಯಕ್ಷ ಆಗಿ ಕುರ್ಚಿ ಮ್ಯಾಲೆ ಕುಂದ್ರು, ಪಾಳಿ ನಾ ಬರೀತೀನಿ. ಕೊಡ್ತೀಯೋ ಇಲ್ಲೋ, ಇಲ್ಲೇ ಹೇಳಪ್ಪ."

ಹುಲಿಗೇಶ ಓಬಳಪ್ಪನನ್ನು ನೋಡಿದ. ಸಭೆಯನ್ನು ನೋಡಿದ. ಎದುರಿಗೆ ನಿಂತ ಚಿಗವ್ವನನ್ನು ನೋಡಿದ. ಬಿಳಿ ಅಂಗಿಯ ಕಾಲರು ಸರಿ ಮಾಡಿಕೊಂಡ. ಬಾಯಿಂದ ಬಂದದ್ದು ಮಾತ್ರ ಎಂದಿನದೇ.

"ಆತಕ್ಕ," ಎಂದ ಹುಲಿಗೇಶ.

"ಏ, ಅದೆಂಗ ಆಗ್ತೈತಿ," ಎಂದು ಓಬಳಪ್ಪ ಕುರ್ಚಿಯಿಂದ ದಡಕ್ಕನೆ ಎದ್ದ. "ಇವ ನನಗ ಆತು ಅಂದಾನಲ್ಲ. ದೊಡ್ಡ ಲಾರಿ ಮೊದಲು ಬರೀತೀನಿ ಅಂತ."

"ಯಾವಾಗ ಅಂದಾನ?" ಎಂದ ಜಡೆಪ್ಪ.

"ತೋರಣಗಲ್ಲಿನಾಗ. ಚಾ ಕುಡಿಯುವಾಗ. ಚಾ ಕುಡಿಸಿದ್ದ ನಾನು."

ಸಣ್ಣ ಲಾರಿಯವರೆಲ್ಲ ಒಟ್ಟಿಗೆ ಹುಲಿಗೇಶನ ಕಡೆ ತಿರುಗಿದರು. ಹುಲಿಗೇಶ ತಲೆ ತಗ್ಗಿಸಿ ಅಂಗಿಯ ಗುಂಡಿ ಎಣಿಸತೊಡಗಿದ. ಒಂದು ವಾರದಿಂದ ಪೂಜಿತಾ ಚಿಗವ್ವನ ಬಾಯಲ್ಲಿ ತುರುಕಲು ಒದ್ದಾಡಿದ ಮಾತನ್ನು ಓಬಳಪ್ಪ ಯಾರೂ ಕೇಳದೆಯೇ ಎದ್ದು ನಿಂತು ಹೇಳಿಬಿಟ್ಟಿದ್ದ.

ಜಡೆಪ್ಪ ಮಂಜುಗಣ್ಣನ್ನು ಕಿರಿದು ಮಾಡಿ ಓಬಳಪ್ಪನ ಕಡೆ ತಿರುಗಿದ. "ಅಲ್ಲಿ ಮೈಕ್ ಇತ್ತೇನು ಓಬಳಪ್ಪ?"

"ಚಾದಂಗಡ್ಯಾಗ ಮೈಕ್ ಎಲ್ಲಿಂದ ಬರ್ತೈತಿ?"

"ಹಂಗಾದ್ರ ಅದು ನಿಮ್ಮಿಬ್ಬರ ಮಾತು. ಇದು ಸಂಘದ ಮಾತು. ಕೈ ಎತ್ರಪ್ಪ. ಹುಲಿಗೇಶ ಅಧ್ಯಕ್ಷ, ಹಲಗಿ ಕೊಟ್ರಬಸಮ್ಮಂದು. ಇದಕ್ಕ ಯಾರ್ಯಾರು ಅದೀರಿ?"

ಎದ್ದ ಕೈಗಳನ್ನು ಎಣಿಸುವ ಗರಜು ಬೀಳಲಿಲ್ಲ.

ಮನೆಗೆ ಹೋಗುವ ಆಟೊದಲ್ಲಿ ಕಾಕಾ ಮುಂದೆ ಡ್ರೈವರಿನ ಪಕ್ಕ, ಹಿಂದೆ ಇವರಿಬ್ಬರು. ಪೂಜಿತಾ ಚಿಗವ್ವನ ಕಡೆ ತಿರುಗಿ ಕೇಳಿದಳು.

"ಚಿಗವ್ವ, ಖರೆ ಹೇಳು. ಗೆದ್ದು ಬಾ ಅಂದಿಯಲ್ಲ, ಅದನ್ನ ಬೇಕಂತ ಅಂದಿಯೇನು?"

"ಇಲ್ಲವ್ವ. ಬಾಯಿಗೆ ಬಂತು."

"ಮತ್ತ ಹಲಗಿ ಕೇಳಿದ್ದು?"

"ಅದೂ ಬಾಯಿಗೆ ಬಂತು."

"ಹಂಗಾದ್ರ ನಾವು ಇಷ್ಟು ದಿನ ಮಾಡಿದ್ದು ಏನು?"

"ಚೊಲೊ ಆತಲ್ಲ. ನನಗೂ ಹೊತ್ತು ಹೋಯ್ತು." ಚಿಗವ್ವ ಆಟೊದ ಸರಳು ಹಿಡಿದು ಹೊರಗೆ ನೋಡಿದಳು, ಆಮೇಲೆ ಏನೋ ಜ್ಞಾಪಕವಾದವಳಂತೆ ತಿರುಗಿದಳು. "ಅಂದಂಗ, ನನ್ನ ಅಕ್ಷರ ಕೋಳಿ ಕೆದರಿದಂಗಿರ್ತೈತಿ. ಡ್ರೈವರುಗಳು ಓದಾಕ ಬರಲ್ಲ ಅಂತ ಜಗಳಕ್ಕ ಬರ್ತಾರ. ಬೆಳಿಗ್ಗೆ ನೀನ ಬರ್ದುಬಿಡು."

"ನಾನು?"

"ನಾ ಪಕ್ಕಕ್ಕ ಇರ್ತೀನಿ. ಎಂ.ಎ. ಓದೀದಿ, ನಂಬರ್ ಬರಿಯಾಕ ಬರಲ್ಲೇನು?"

ಪೂಜಿತಾ ಹೊಸಪೇಟೆಯ ಬಸ್ಸಿನ ವಿಚಾರ ಎತ್ತಲು ಬಾಯಿ ತೆರೆದಳು. ಕಾಕಾ ಮುಂದಿನಿಂದಲೇ, "ಅಮೆರಿಕದಾಗೂ ಗೆದ್ದ ಮ್ಯಾಲೆ ತಾಲೀಮು ಮಾಡಿಸಿದೋರಿಗೆ ಕೆಲಸ ಕೊಡ್ತಾರ," ಎಂದ.

ಸೋಮವಾರ ಹೊತ್ತು ಹುಟ್ಟುವ ಮೊದಲೇ ಅಂಗಳದಲ್ಲಿ ಎಂಜಿನ್ನುಗಳು ಗುರುಗುಡುತ್ತಿದ್ದವು. ಡ್ರೈವರುಗಳು ಹಲಗೆಯ ಸುತ್ತ ಮುತ್ತಿಕೊಂಡಿದ್ದರು. ಪೂಜಿತಾ ಅವರಿಗೆ ಬೆನ್ನು ಮಾಡಿ ನಿಂತಳು. ಮುಖ ಕಾಣದಿದ್ದರೆ ಅಕ್ಷರ ನೆಟ್ಟಗೆ ಬರುತ್ತದೆ ಎಂದು ಗೊತ್ತಾಯಿತು. ರಾತ್ರಿಯ ಕಾವಲುಗಾರ ಲಾರಿ ಬಂದ ವರಸೆಯಲ್ಲಿ ನಂಬರು ಹೇಳುತ್ತ ಹೋದ, ಅವಳು ದುಂಡಗೆ ಬರೆಯುತ್ತ ಹೋದಳು. ಮೇಲುಗಡೆ ಒಬ್ಬ ಒಂಟಿ ಲಾರಿಯವನದು, ಆಮೇಲೆ ಓಬಳಪ್ಪನದೊಂದು, ಮತ್ತೆ ಸಣ್ಣವರದು. ಹಲಗೆ ತುಂಬುತ್ತ ಬಂದು, ತಳದ ಅಂಚಿಗೆ ಇನ್ನೊಂದು ಗೇಣು ಉಳಿದಾಗ ಚಿಗವ್ವನ ಎರಡು ಲಾರಿಗಳ ನಂಬರು ಬಂದವು.

ಚಿಗವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಇದೇನಲೇ, ನಮ್ಮುವು ನೆಲಕ್ಕ ಹತ್ಯಾವಲ್ಲ?"

"ನಿನ್ನೆ ಎರ್ರಿಯಪ್ಪನೂ ಇನ್ನೊಬ್ಬ ಡ್ರೈವರೂ ಸಭೆ ನೋಡಾಕ ಕುಂತಿದ್ರು. ಲೋಡು ಇಳಿಸಿ ಬರೋದು ತಡ ಆತು," ಎಂದಳು ಪೂಜಿತಾ, ಹಲಗೆಯ ಕಡೆಗೇ ಮುಖ ಮಾಡಿ.

"ಒಂದೀಟು ಮ್ಯಾಲೆ ಬರಿ. ನಡುಕ ಆದ್ರೂ. ಇವತ್ತೊಂದು ದಿನ."

ಹಿಂದಿನಿಂದ ಓಬಳಪ್ಪನ ಕಡೆಯವನೊಬ್ಬ ಕತ್ತು ಉದ್ದ ಮಾಡಿದ. ಸುಣ್ಣದ ಕಡ್ಡಿ ಪೂಜಿತಾಳ ಬೆರಳಲ್ಲಿ ಮುರಿಯಿತು.

"ಆಗಂಗಿಲ್ಲ ಚಿಗವ್ವ," ಎಂದಳು.

"ಆಗಂಗಿಲ್ಲ?"

"ಆಗಂಗಿಲ್ಲ."

ಚಿಗವ್ವ ಅವಳನ್ನು ದುರುಗುಟ್ಟಿ ನೋಡಿದಳು. ಸುತ್ತಲಿದ್ದವರನ್ನೂ ನೋಡಿದಳು. "ಮನಿಗೆ ಕರಕೊಂಡು ಬಂದು ಬೆಣ್ಣಿ ರೊಟ್ಟಿ ಹಾಕಿದ್ದು ಇದಕ್ಕೇನ," ಎಂದು ಗೊಣಗುತ್ತ ಜನರ ನಡುವಿನಿಂದ ಲಾರಿಯ ಕಡೆ ನಡೆದಳು. "ಎರ್ರಿಯಪ್ಪ, ಎಂಜಿನ್ ಬಂದ್ ಮಾಡು. ಡೀಸೆಲ್ ಸುಡಬ್ಯಾಡ. ಮಧ್ಯಾಹ್ನದ ಮ್ಯಾಲೆ ಐತಂತ ನಮ್ಮ ಪಾಳಿ."